ಶಿರಾಳಕೊಪ್ಪದ ಹುಣಸೆಮರದ ಕೆಳಗೆ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವವರು ಶಿರಾಳಕೊಪ್ಪದಲ್ಲಿ ಚಹಾ ಕುಡಿದು ಮುಂದೆ ಸಾಗುತ್ತಾರೆ. ಪುರುಸೊತ್ತಿದ್ದವರು ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯವನ್ನೂ ತಾಳಗುಂದದ ಕದಂಬರ ಶಾಸನವನ್ನೂ ನೋಡಿಯಾರು. ನಾನು ಮಾತ್ರ 2019ರ ಮಾರ್ಚ್ ತಿಂಗಳಲ್ಲಿ ಅಲ್ಲಿಯ ಗ್ಯಾರೇಜೊಂದರ ಬೆಂಚಿನ ಮೇಲೆ ನಾಲ್ಕು ದಿನ ಕುಳಿತಿದ್ದೆ. ಕಾರಣ ಹೇಳಿಕೊಳ್ಳಲು ಈಗಲೂ ನಾಚಿಕೆ.

ಸೊರಬದ ಬಳಿ ಹಳ್ಳಿಯಲ್ಲಿರುವ ನಮ್ಮ ಅಕ್ಕನ ಮನೆಯ ಹಳೆಯ ಮಹೀಂದ್ರ ಎಂ.ಎಂ. 540 ಜೀಪು ಅದು. ಪ್ಯೂಜೊ ಡೀಸೆಲ್ ಎಂಜಿನ್. ತೋಟಕ್ಕೆ, ಗದ್ದೆಗೆ, ಮಳೆಗಾಲದ ಕೆಸರಿಗೆ ಅದೇ ಗತಿ. ಪರೀಕ್ಷೆಯ ಕಾಲದಲ್ಲಿ ನೆರೆಮನೆಯ ಮಕ್ಕಳೂ ಅದರಲ್ಲೇ ಹೋಗುತ್ತಿದ್ದರು. ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿಯ ದರ್ಶನ ಮುಗಿಸಿ ನಾನೇ ಓಡಿಸಿಕೊಂಡು ಬರುತ್ತಿದ್ದೆ. ಶಿರಾಳಕೊಪ್ಪ ಇನ್ನೇನು ಬಂತು ಅನ್ನುವಾಗ ಕರುವೊಂದು ಅಡ್ಡ ಬಂತು. ಕರು ಉಳಿಯಿತು, ಜೀಪು ಮರಕ್ಕೆ ಗುದ್ದಿತು. ಪಕ್ಕದಲ್ಲಿದ್ದ ಅಕ್ಕನ ಮಗನ ಮೊಣಕಾಲು ತರಚಿತು, ಅಷ್ಟೆ. ಅವನಿಗೆ ಮೂರನೇ ದಿನ ಎಸ್ಸೆಸ್ಸೆಲ್ಸಿ ಪರೀಕ್ಷೆ.

ವೇಗ 40 ಕಿ.ಮೀ. ಇದ್ದೀತು. 60 ಇದ್ದಿದ್ದರೆ ಚಲನಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಇಪ್ಪತ್ತೈದು ವರ್ಷ ಇದನ್ನೇ ಪಾಠ ಮಾಡಿದ ಮೇಷ್ಟ್ರು ಮರದ ಮುಂದೆ ನಿಂತು ಲೆಕ್ಕ ಹಾಕುತ್ತಿದ್ದೆ!

ಬಂಪರ್ ಮಡಚಿತ್ತು. ಗ್ರಿಲ್ ಒಳಗೆ ಹೋಗಿ ರೇಡಿಯೇಟರಿಗೆ ಫ್ಯಾನು ತಾಗಿ ನೀರು ಸೋರುತ್ತಿತ್ತು. ಎಡ ಮಡ್‌ಗಾರ್ಡು ಟಯರಿಗೆ ಒರಗಿತ್ತು. ಕಣ್ಣಿಗೆ ಕಂಡದ್ದು ಇಷ್ಟು. ಮಿಸ್ತ್ರಿ ಇದನ್ನೆಲ್ಲ ನೋಡಿಯೂ ನೋಡದವರಂತೆ ಮುಂಭಾಗ ಬಿಚ್ಚಿಸಿ, ಚಾಸಿಯ ನಾಲ್ಕು ಬೋಲ್ಟುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದರು. ಜೀಪನ್ನು ಪಕ್ಕಕ್ಕೆ ತಳ್ಳಿಸಿ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದರು. ಒಂದು ಕರ್ಣ ಇನ್ನೊಂದಕ್ಕಿಂತ 14 ಮಿ.ಮೀ. ಹೆಚ್ಚು!

“ಮಾವ, ಇದು ನಮ್ಮ ಚತುರ್ಭುಜದ ಲೆಕ್ಕ ಅಲ್ವಾ?” ಎಂದ ಹುಡುಗ. ಹೌದು. ಆಯತದ ಕರ್ಣಗಳು ಸಮ. ಮುಂದೆ ಕಿರಿದಾದ ಚೌಕಟ್ಟಾದರೂ ಎರಡು ಬದಿ ಸಮವಾಗಿದ್ದರೆ ಕರ್ಣಗಳು ಸಮವೇ. ಪುಸ್ತಕದಲ್ಲಿ ಅದನ್ನು ಸಾಧಿಸಲು ಹುಡುಗರಿಗೆ ಆಕಳಿಕೆ ಬರುತ್ತದೆ. ಇಲ್ಲಿ ಅವನು ಟೇಪಿನ ಇನ್ನೊಂದು ತುದಿ ಹಿಡಿದು ಕುಕ್ಕರಗಾಲಲ್ಲಿ ಕುಳಿತಿದ್ದ.

ಮರುದಿನ ಜೀಪಿನ ಹಿಂಭಾಗವನ್ನು ಹುಣಸೆಮರಕ್ಕೆ ಬಿಗಿದು, ಮುಂಭಾಗಕ್ಕೆ ಚೈನ್ ಬ್ಲಾಕ್ ಹಾಕಿ ಎಳೆದರು. ಬೇಕಾದಷ್ಟೇ ಎಳೆದರೆ ಸಾಲದು. ಬಿಟ್ಟೊಡನೆ ಉಕ್ಕು ತುಸು ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಗುರುತು ದಾಟಿಸಿ ಎಳೆದು, ಬಿಟ್ಟು, ಅಳೆದು, ಮತ್ತೆ ಎಳೆದು ವ್ಯತ್ಯಾಸವನ್ನು 2 ಮಿ.ಮೀ.ಗೆ ತಂದರು. ಮಡ್‌ಗಾರ್ಡಿನ ತಗ್ಗಿಗೆ ನಡುವೆ ಹೊಡೆಯದೆ ಅಂಚಿನಿಂದ ಸುತ್ತುತ್ತ ಒಳಗೆ ಬಂದರು. ನಡುವೆ ಹೊಡೆದರೆ ತಗಡು ಹಿಗ್ಗಿ ಉಬ್ಬುತ್ತದಂತೆ. ಸೊರಬದಲ್ಲಿ ಗಂಧದ ಕೆತ್ತನೆಯ ಗುಡಿಗಾರರ ಕೈ ನೋಡಿದ್ದ ನನಗೆ ಈ ಕೈಯೂ ಅದೇ ಜಾತಿಯದು ಅನ್ನಿಸಿತು.

ಆ ಸಂಜೆ ಭಾವ ಬಂದರು. ಬೆಳಗಾದರೆ ಪರೀಕ್ಷೆ. ಜೀಪು ಓಡುತ್ತಿತ್ತು, ದೀಪ ಉರಿಯುತ್ತಿತ್ತು. ಬಣ್ಣ ಆಮೇಲೆ ನೋಡೋಣ, ಈಗ ಕೊಟ್ಟುಬಿಡಿ ಎಂದರು. ಮಿಸ್ತ್ರಿ ಒಂದು ಸುತ್ತು ಓಡಿಸಿ ಬಂದು ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

“ಕೊಡಲ್ಲ ಯಜಮಾನ್ರೇ. ಎಡಕ್ಕೆ ಎಳೀತದೆ.”

“ನಿಧಾನ ಹೋಗ್ತೀವಿ ಮಾರಾಯ್ರೆ, ಮಕ್ಕಳ ಪರೀಕ್ಷೆ!”

“ಮಕ್ಕಳು ಕೂರ್ತಾರೆ ಅಂತಲೇ ಕೊಡಲ್ಲ.”

ಭಾವನಿಗೆ ಸಿಟ್ಟು ಬಂತು. ಬೈಯಬೇಕಾದದ್ದು ನನ್ನನ್ನು, ನಾನು ತಲೆ ತಗ್ಗಿಸಿ ನಿಂತಿದ್ದೆ. ಮೊದಲ ದಿನ ಹುಡುಗನೂ ನೆರೆಮನೆಯ ಮಕ್ಕಳೂ ಎರಡೂವರೆ ಕಿ.ಮೀ. ನಡೆದು ಬಸ್ಸು ಹಿಡಿದು ಕನ್ನಡ ಪತ್ರಿಕೆ ಬರೆದರು.

ಅದೇ ಬೆಳಗ್ಗೆ ಮಿಸ್ತ್ರಿ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎರಡೂ ಬದಿ ಅಳೆದರು. ಎಡಗಡೆ ಕಡಿಮೆ. ಸ್ಪ್ರಿಂಗ್ ಪ್ಲೇಟುಗಳನ್ನು ಹಿಡಿದಿಟ್ಟಿದ್ದ ನಡುವಿನ ಬೋಲ್ಟು ತುಂಡಾಗಿ ಆಕ್ಸಲ್ಲು ಆ ಬದಿ ಹಿಂದಕ್ಕೆ ಜರುಗಿತ್ತು. ಮೇಲಿನ ಪ್ಲೇಟಿನಲ್ಲಿ ಕೂದಲೆಳೆಯ ಬಿರುಕು. ಬೆಸುಗೆ ಹಾಕಬಾರದೇ ಎಂದು ಕೇಳಿದೆ. ಕಾಯಿಸಿದರೆ ಸ್ಪ್ರಿಂಗಿನ ಹದ ಹೋಗುತ್ತದೆ ಎಂದು ಶಿಕಾರಿಪುರಕ್ಕೆ ಹೊಸ ಪ್ಲೇಟು ತರಲು ಹುಡುಗನೊಬ್ಬನನ್ನು ಕಳಿಸಿದರು. ಹದ ಮಾಡಿದ ಉಕ್ಕಿನ ಪಾಠ ನಾನು ಹೇಳಬೇಕಿತ್ತು, ಅವರು ಹೇಳಿದರು.

ಮಧ್ಯಾಹ್ನ ಪರೀಕ್ಷೆ ಮುಗಿಸಿ ಬಂದ ಅಕ್ಕನ ಮಗನನ್ನು ಬಳ್ಳಿಗಾವಿಗೆ ಕರೆದೊಯ್ದೆ. 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬದೆದುರು ಅವನು ಒಂದು ಕಣ್ಣು ಮುಚ್ಚಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕಂಬ ನೆಟ್ಟಗಿದೆಯೇ ಎಂದು ನೋಡುತ್ತಿದ್ದ. ಮುಂದಿನ ಪತ್ರಿಕೆಗೆ ಓದು ಎಂದು ಗದರಲು ಬಾಯಿ ಬರಲಿಲ್ಲ.

ನಾಲ್ಕನೇ ದಿನ ಸಂಜೆ ಮಿಸ್ತ್ರಿ ನೇರ ರಸ್ತೆಯಲ್ಲಿ ಜೀಪು ಓಡಿಸಿ, ಸ್ಟಿಯರಿಂಗಿನ ಮೇಲಿನ ಹಿಡಿತ ಸಡಿಲಿಸಿ ತೋರಿಸಿದರು. ಗಾಡಿ ಅತ್ತಿತ್ತ ಹೊರಳಲಿಲ್ಲ. ದುಡ್ಡು ನಾನು ಕೊಟ್ಟೆ. ಎರಡನೆಯ ಪತ್ರಿಕೆಗೆ ಮಕ್ಕಳೆಲ್ಲ ಜೀಪಿನಲ್ಲೇ ಹೋದರು. ಭಾವ ಓಡಿಸಿದರು, ನನಗೆ ಹಿಂದಿನ ಸೀಟು.