ಎಲ್ಲರಿಗೂ ಒಂದೇ ಫೋನ್ ನಂಬರ್!

ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗನಿಗೆ ಮೈಎಸ್‌ಕ್ಯೂಎಲ್ ಹೇಳಿಕೊಡ್ತಾ ಇದ್ದೆ. "ಒಂದು ಮಜಾ ತೋರಿಸ್ತೀನಿ ನೋಡು" ಅಂತ ಸೆಲೆಕ್ಟ್ ಕ್ವೆರಿಯ ಬಾಲಕ್ಕೆ 'ಪ್ರೊಸೀಜರ್ ಅನಲೈಸ್' ಸೇರಿಸಿ ಎಂಟರ್ ಒತ್ತಿದೆ. ಎರರ್ 1064, ಸಿಂಟ್ಯಾಕ್ಸೇ ತಪ್ಪಂತೆ! ಹುಡುಗ ನಗು ತಡೆದುಕೊಂಡ.

ಆಮೇಲೆ ನೆನಪಾಯಿತು. 2017ರಲ್ಲಿ, 5.7.18ರಲ್ಲೇ ಇದನ್ನು ತೆಗೀತೀವಿ ಅಂತ ಹೇಳಿದ್ದರು. 2018ರಲ್ಲಿ ಬಂದ 8.0ರಲ್ಲಿ ತೆಗೆದೇ ಹಾಕಿದರು. ನಾವು 2023ರವರೆಗೂ 5.7ಕ್ಕೇ ಅಂಟಿಕೊಂಡಿದ್ದರಿಂದ ನನಗೆ ಸುದ್ದಿ ತಡವಾಗಿ ಮುಟ್ಟಿತು, ಅಷ್ಟೆ.

ಇದರ ಹೆಸರು ಕೇಳದವರೇ ಹೆಚ್ಚು ಬಿಡಿ. ಟೇಬಲ್ಲಿನ ಪ್ರತಿ ಕಾಲಮ್ಮನ್ನೂ ಓದಿ, ಅತಿ ಚಿಕ್ಕ ಬೆಲೆ ಯಾವುದು, ಅತಿ ದೊಡ್ಡದು ಯಾವುದು, ಖಾಲಿ ಎಷ್ಟು, ನಲ್ ಎಷ್ಟು ಅಂತ ಪಟ್ಟಿ ಮಾಡಿ, ಕೊನೆಯಲ್ಲಿ "ಈ ಕಾಲಮ್ಮಿಗೆ ಇಂಥ ಟೈಪ್ ಸಾಕು" ಅಂತ ಬುದ್ಧಿ ಹೇಳುತ್ತಿತ್ತು. ಅರ್ಧ ಬುದ್ಧಿವಾದ ತಮಾಷೆಯೇ. ಇಪ್ಪತ್ತು ಜನರ ಟೇಬಲ್ ಕೊಟ್ಟರೆ ಇಪ್ಪತ್ತೂ ಹೆಸರು ಪೋಣಿಸಿ 'ಎನಮ್ ಮಾಡು' ಅನ್ನೋದು!

ಆದರೆ ನನ್ನ ಮಾನ ಕಳೆದದ್ದೂ ಅದೇ, ಉಳಿಸಿದ್ದೂ ಅದೇ. 2019ರಲ್ಲಿ ಕೆಲಸಕ್ಕೆ ಸೇರಿದ ಹೊಸತು. ಒಂದು ಸಂಗೀತ ಶಾಲೆಗೆ ಅರ್ಜಿ ತುಂಬುವ ಪುಟ ಮಾಡಿದ್ದೆ. ಮೊಬೈಲ್ ನಂಬರ್ ಅಂದ್ರೆ ನಂಬರ್ರೇ ತಾನೆ ಅಂತ ಕಾಲಮ್ಮನ್ನು ಇಂಟ್ ಮಾಡಿದೆ. 1234567890 ಹಾಕಿ ಟೆಸ್ಟ್ ಮಾಡಿದೆ, ಸರಿಯಾಗಿ ಕೂತಿತು. ಟೆಸ್ಟ್ ಸಾಲು ಅಳಿಸಿ ಪುಟವನ್ನು ಲೈವ್ ಮಾಡಿಯೂ ಆಯಿತು. ಒಂದು ತಿಂಗಳಾದ ಮೇಲೆ ನಮ್ಮ ಸೀನಿಯರ್, ಮಂಗಳೂರಿನವರು, ನನ್ನ ಟೇಬಲ್ ಮೇಲೆ ಸುಮ್ಮನೆ ಈ ಅನಲೈಸ್ ಓಡಿಸಿದರು. ಮೊಬೈಲ್ ಕಾಲಮ್ಮಿನ ಚಿಕ್ಕ ಬೆಲೆ 2147483647, ದೊಡ್ಡ ಬೆಲೆಯೂ 2147483647. ಸಲಹೆ: ಒಂದೇ ಒಂದು ಬೆಲೆಯ ಎನಮ್.

"ಎಂತ ಮಾರಾಯ, ಊರಿಗೆಲ್ಲ ಒಂದೇ ಫೋನಾ?"

ಇಂಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು. ನಮ್ಮ ಮೊಬೈಲ್ ನಂಬರುಗಳು ಶುರುವಾಗುವುದೇ 6ರಿಂದ ಮೇಲೆ. ಹಳೇ ಕೋಡ್ ಮುರಿಯದಿರಲಿ ಅಂತ ಸ್ಟ್ರಿಕ್ಟ್ ಮೋಡ್ ಆರಿಸಿಟ್ಟಿದ್ದೆವು. ಹಾಗಾಗಿ ಬಂದ ನಂಬರನ್ನೆಲ್ಲ ಡೇಟಾಬೇಸ್ ಆ ಗಡಿಗೆ ಕತ್ತರಿಸಿ ಇಟ್ಟುಕೊಂಡು, ಒಂದು ವಾರ್ನಿಂಗ್ ಗೊಣಗಿ ಸುಮ್ಮನಾಗಿತ್ತು. ಶಾಲೆಯ ಮೇಡಂಗೆ ಫೋನ್ ಮಾಡಿ ನಿಜ ಹೇಳುವಾಗ ಗಂಟಲು ಒಣಗಿತ್ತು. ಕಾಗದದ ಅರ್ಜಿ ಇದ್ದವರ ನಂಬರುಗಳನ್ನು ಎರಡು ರಾತ್ರಿ ಕೂತು ಟೈಪಿಸಿದೆ. ನೇರ ಆನ್‌ಲೈನಿನಲ್ಲಿ ತುಂಬಿದವರ ನಂಬರ್ ಹೋದದ್ದು ಹೋಯಿತು.

ಈಗ ಏನು ಕಷ್ಟ, ಮಿನ್, ಮ್ಯಾಕ್ಸ್, ಕೌಂಟ್ ಡಿಸ್ಟಿಂಕ್ಟ್ ಬರೆದರೆ ಆಯ್ತಲ್ಲ ಅಂತೀರಿ. ನಿಜ. ಆದರೆ ಅದನ್ನು ನಾವು ಬರೆಯುವುದು ಅನುಮಾನ ಬಂದ ಕಾಲಮ್ಮಿಗೆ ಮಾತ್ರ. ನನಗೆ ಆ ಕಾಲಮ್ಮಿನ ಮೇಲೆ ಅನುಮಾನವೇ ಇರಲಿಲ್ಲವಲ್ಲ! ಅನಲೈಸ್ ಮಾತ್ರ ಯಾರನ್ನೂ ನಂಬದೆ ಎಲ್ಲರ ಮನೆ ಬಾಗಿಲನ್ನೂ ತಟ್ಟುತ್ತಿತ್ತು.

ಹೊಸ ಹುಡುಗನಿಗೆ ಈ ಕತೆ ಪೂರ್ತಿ ಹೇಳಿದೆ. ಸಂಜೆ ಅವನು ಎಲ್ಲ ಕಾಲಮ್ಮಿಗೂ ಮಿನ್, ಮ್ಯಾಕ್ಸ್ ತೆಗೆಯುವ ಪುಟ್ಟ ಸ್ಕ್ರಿಪ್ಟ್ ಬರೆದು ತಂದ. ಓಡಿಸಿ ನೋಡಿದೆವು. ಹುಟ್ಟಿದ ದಿನಾಂಕದ ಕಾಲಮ್ಮಿನಲ್ಲಿ ಒಬ್ಬರು 2091ರಲ್ಲಿ ಹುಟ್ಟಿದ್ದಾರೆ...