ಮುಳ್ಳೇರಿಯಕ್ಕೆ ಎರಡು ದಾರಿ

ಆಟಿ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಮಳೆ ಸ್ವಲ್ಪ ಬಿಡುವು ಕೊಟ್ಟಿದ್ದಾಗ, ಹೊಸಂಗಡಿಯ ಒಳಭಾಗದ ಒಂದು ಮನೆಯಂಗಳದಿಂದ ಕಾರು ಹೊರಟಿತು. ಚಾಲಕನ ಸ್ಥಾನದಲ್ಲಿ ಅಧ್ಯಾಪಕರಾದ ತಂದೆ, ಪಕ್ಕದಲ್ಲಿ ತಾಯಿ, ಹಿಂದಿನ ಸೀಟಿನಲ್ಲಿ ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು. ಹೋಗಬೇಕಾದದ್ದು ಮುಳ್ಳೇರಿಯದ ಮೂಲಮನೆಗೆ. ಅಲ್ಲಿರುವ ಅಜ್ಜಿಗೆ ಸೋಮವಾರ ಹತ್ತು ಗಂಟೆಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಹಿಂದಿನ ಸಲ ಮುಕ್ಕಾಲು ಗಂಟೆ ತಡವಾಗಿ ತಲುಪಿ ಸರದಿ ತಪ್ಪಿಹೋಗಿತ್ತು. ಹೊಸ ದಿನ ಸಿಗಲು ಒಂದೂವರೆ ತಿಂಗಳು ಕಾಯಬೇಕಾಯಿತು. ಆ ಒಂದೂವರೆ ತಿಂಗಳಲ್ಲಿ ಅಜ್ಜಿ ಅಂಗಳದ ಮೆಟ್ಟಿಲಲ್ಲಿ ಎರಡು ಬಾರಿ ಎಡವಿದ್ದರು.

ಮೊದಲೇ ಹೊಸಂಗಡಿಗೆ ಬಂದು ಉಳಿಯಿರೆಂದರೆ ಅವರು ಒಪ್ಪಲಿಲ್ಲ. ಮಳೆ ಬಿಟ್ಟರೆ ಆದಿತ್ಯವಾರ ಅಡಕೆಗೆ ಮದ್ದು ಬಿಡುವವರು ಬರುವವರಿದ್ದರು. ಅವರಿಗೆ ಊಟಕ್ಕೆ ಹಾಕದೆ ಮನೆ ಬಿಡುವುದು ಹೇಗೆ? ಆದುದರಿಂದ ಸೋಮವಾರ ಮುಂಜಾನೆ ಹೋಗಿ ಕರೆತರುವುದೆಂದೂ, ಯಾವ ದಾರಿಯಲ್ಲಿ ಬರಬೇಕೆಂಬುದನ್ನು ಶನಿವಾರವೇ ಪರೀಕ್ಷಿಸುವುದೆಂದೂ ಮನೆಯಲ್ಲಿ ತೀರ್ಮಾನವಾಯಿತು.

ದಾರಿ ಎರಡು. ಕುಂಬಳೆಯಲ್ಲಿ ಹೆದ್ದಾರಿಯನ್ನು ಬಿಟ್ಟು ಸೀತಾಂಗೋಳಿ, ನೀರ್ಚಾಲು, ಬದಿಯಡ್ಕದ ಮೂಲಕ ಮುಳ್ಳೇರಿಯ ಸೇರುವುದು ಒಂದು. ಹೆದ್ದಾರಿಯಲ್ಲೇ ಕಾಸರಗೋಡು ದಾಟಿ, ಚೆರ್ಕಳದಲ್ಲಿ ಜಾಲ್ಸೂರು ರಸ್ತೆಗೆ ತಿರುಗಿ, ಬೋವಿಕಾನ, ಕಾರಡ್ಕಗಳನ್ನು ಹಾದು ಬರುವುದು ಇನ್ನೊಂದು. ತಾಯಿಯ ಪಕ್ಷ ಮೊದಲನೆಯದು. ತಂದೆಯದು ಎರಡನೆಯದು, ಷಟ್ಪಥ ಬಂದ ಮೇಲೆ ಆ ಪಕ್ಷಕ್ಕೆ ಬಲ ಹೆಚ್ಚಿತ್ತು. ಈ ವ್ಯಾಜ್ಯಕ್ಕೆ ನ್ಯಾಯಾಧೀಶನಾಗಿ ನಿಂತದ್ದು ಕಾರಿನ ಟ್ರಿಪ್ ಕಂಪ್ಯೂಟರ್.

ಕಾರು ಇನ್ನೊಬ್ಬರಿಂದ ಕೊಂಡದ್ದು. ಅದರ ಕೈಪಿಡಿ ಇಂಗ್ಲಿಷಿನಲ್ಲಿತ್ತು, ಪರದೆಯೂ ಇಂಗ್ಲಿಷಿನದು. ಮಗಳು ತನ್ನ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಅದಕ್ಕೊಂದು ಕನ್ನಡ ಪಟ್ಟಿ ಮಾಡಿದ್ದಳು: ಕ್ರಮಿಸಿದ ದೂರ, ಪ್ರಯಾಣದ ಅವಧಿ, ಲೀಟರಿಗೆ ಎಷ್ಟು ಕಿಲೋಮೀಟರ್, ಟ್ಯಾಂಕಿನಲ್ಲಿ ಉಳಿದ ಇಂಧನಕ್ಕೆ ಹೋಗಬಹುದಾದ ದೂರ, ಸರಾಸರಿ ಜವ. ಕೊನೆಯದನ್ನು ‘ವೇಗ’ ಎಂದು ಬರೆಯದೆ ‘ಜವ’ ಎಂದು ಬರೆದದ್ದೇಕೆಂದು ತಾಯಿ ಕೇಳಿದಾಗ, ವಿಜ್ಞಾನದಲ್ಲಿ ದಿಕ್ಕನ್ನೂ ಹೇಳಿದರೆ ಮಾತ್ರ ವೇಗ, ಕಾರಿಗೆ ದಿಕ್ಕು ಗೊತ್ತಿಲ್ಲ ಎಂದು ಉತ್ತರ ಬಂತು. ಪರಿಭಾಷೆಯನ್ನು ತನ್ನ ಭಾಷೆಯಲ್ಲಿ ಕಲಿತ ಮಕ್ಕಳ ಲಾಭ ಇಂಥ ಕಡೆ ಕಾಣುತ್ತದೆ. ಪರದೆಯ ಮೇಲಿನ ಇಂಗ್ಲಿಷ್ ಪದ ಅವಳಿಗೆ ಹೊಸದಾಗಿದ್ದರೂ ಅದು ಹೇಳುವ ವಿಷಯ ಹೊಸದಾಗಿರಲಿಲ್ಲ.

ಅನೇಕ ಕಾರುಗಳಲ್ಲಿರುವಂತೆ ಇದರಲ್ಲಿಯೂ ಎ ಮತ್ತು ಬಿ ಎಂಬ ಎರಡು ಲೆಕ್ಕಗಳಿದ್ದವು. ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಆಯ್ದ ಲೆಕ್ಕ ಮಾತ್ರ ಸೊನ್ನೆಗೆ ಇಳಿಯುತ್ತದೆ. ಹೋಗುವಾಗ ಬದಿಯಡ್ಕದ ದಾರಿಗೆ ಎ, ಬರುವಾಗ ಚೆರ್ಕಳದ ದಾರಿಗೆ ಬಿ ಎಂದು ಗೊತ್ತುಮಾಡಿಕೊಂಡರು. ಗಡಿಯಾರದ ವಿಷಯ ಬೇರೆ. ಹಿಂದಿನ ತಿಂಗಳು ಬ್ಯಾಟರಿ ಬದಲಿಸಿದಾಗ ಅದು ಹನ್ನೆರಡಕ್ಕೆ ಹೋಗಿ ನಿಂತಿತ್ತು. ತಂದೆ ಅದನ್ನು ಮತ್ತೆ ಸರಿಪಡಿಸುವಾಗ ಬೇಕೆಂದೇ ನಾಲ್ಕು ನಿಮಿಷ ಮುಂದಿಟ್ಟಿದ್ದರು. ಹೊರಡುವಾಗ ಅವಸರ ಹುಟ್ಟಲಿ ಎಂಬುದು ಉದ್ದೇಶ. ಆದರೆ ನಾಲ್ಕು ನಿಮಿಷ ಮುಂದಿದೆ ಎಂದು ಮನೆಮಂದಿಗೆಲ್ಲ ಗೊತ್ತಿದ್ದುದರಿಂದ ಎಲ್ಲರೂ ಅಷ್ಟು ಕಳೆದೇ ಓದುತ್ತಿದ್ದರು.

ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್, ಕೇರಳದ ರಾಷ್ಟ್ರೀಯ ಹೆದ್ದಾರಿ 66ರ ಷಟ್ಪಥ ಕಾಮಗಾರಿಯ ಉತ್ತರದ ತುದಿಯ ಭಾಗ. ಕೇರಳ ಸರಕಾರ 2023ರ ಜುಲೈಯಲ್ಲಿ ವೇಗಮಿತಿಗಳನ್ನು ಪರಿಷ್ಕರಿಸಿದಾಗ ಷಟ್ಪಥ ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 110 ಕಿಲೋಮೀಟರ್ ಎಂದೂ, ಪೇಟೆಯ ರಸ್ತೆಗಳಲ್ಲಿ 50 ಎಂದೂ ಗೊತ್ತುಪಡಿಸಿತು. ಸ್ಥಳದಲ್ಲಿ ಅದಕ್ಕಿಂತ ಕಡಿಮೆಯ ಫಲಕವಿದ್ದರೆ ಆ ಫಲಕವೇ ಕಾನೂನು. ತಂದೆ ಕ್ರೂಸ್ ಕಂಟ್ರೋಲನ್ನು 78ಕ್ಕೆ ಇಟ್ಟರು. ಎಂಬತ್ತು ದಾಟಿದರೆ ಕಾರು ಎಚ್ಚರಿಕೆಯ ಸದ್ದು ಮಾಡುತ್ತದೆ. 2019ರ ಜುಲೈಯಿಂದೀಚೆಗೆ ತಯಾರಾದ ಕಾರುಗಳಿಗೆಲ್ಲ ಅದು ಕಡ್ಡಾಯ. ಆ ಸದ್ದು ತಾಯಿಗೆ ಆಗದು.

ಕಾಲನ್ನು ಪೆಡಲಿನಿಂದ ತೆಗೆದರೂ ಕಾರು ಒಂದೇ ಹದದಲ್ಲಿ ಓಡುತ್ತಿತ್ತು. ಏರು ಬಂದರೆ ಇಂಜಿನಿಗೆ ತಾನಾಗಿ ಇಂಧನ ಹೆಚ್ಚುತ್ತದೆ, ಇಳಿಜಾರಿನಲ್ಲಿ ಕಡಿಮೆಯಾಗುತ್ತದೆ. ಮಂಜೇಶ್ವರ ಹೊಳೆ ದಾಟಿದ್ದು ಗೊತ್ತಾಗಲಿಲ್ಲ. ಗೋವಿಂದ ಪೈಗಳ ‘ಗಿಳಿವಿಂಡು’ ಎಲ್ಲಿ ಎಂದು ಮಗಳು ಕತ್ತು ತಿರುಗಿಸುವಷ್ಟರಲ್ಲಿ ಅದರತ್ತ ಹೋಗುವ ತಿರುವು ಹಿಂದಾಗಿತ್ತು. ಉಪ್ಪಳ ಪೇಟೆಯ ಸಂತೆ, ಬಸ್ಸು, ಜಗಳಗಳೆಲ್ಲ ಮೇಲ್ಸೇತುವೆಯ ಕೆಳಗೇ ಉಳಿದವು. ಶಿರಿಯ ಹೊಳೆ ಮಾತ್ರ ಕೆಂಪು ನೀರು ತುಂಬಿ ಎರಡು ಕ್ಷಣ ಕಣ್ಣಿಗೆ ಬಿತ್ತು. ಹಳೆಯ ರಸ್ತೆಯ ಗುಂಡಿಗಳನ್ನು ಯಾರೂ ಮರಳಿ ಬಯಸಲಾರರು. ಆದರೆ ಆ ರಸ್ತೆಯಲ್ಲಿ ಹೋದವರಿಗೆ ಊರುಗಳ ಹೆಸರು ಒಂದೊಂದಾಗಿ ಬಾಯಿಪಾಠವಾಗುತ್ತಿತ್ತು.

ಕುಂಬಳೆಯಲ್ಲಿ ಇಳಿಯಲು ತಂದೆ ಬ್ರೇಕ್ ಒತ್ತಿದರು. ಬ್ರೇಕನ್ನೋ ಕ್ಲಚ್ಚನ್ನೋ ಒತ್ತಿದೊಡನೆ ಕ್ರೂಸ್ ಕಂಟ್ರೋಲ್ ಕೈಬಿಡುತ್ತದೆ, ಆದರೆ ಇಟ್ಟ ವೇಗವನ್ನು ಮರೆಯುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಕಾರು 45ರಲ್ಲಿದ್ದಾಗ ಅಜ್ಜಿಯ ಫೋನು ಬಂತು. ಸ್ಟಿಯರಿಂಗಿನ ಮೇಲಿನ ಫೋನಿನ ಗುಂಡಿಯನ್ನು ಒತ್ತಬೇಕಾದ ಹೆಬ್ಬೆರಳು, ಪಕ್ಕದಲ್ಲಿದ್ದ ‘ರೆಸ್’ ಎಂಬ ಗುಂಡಿಯನ್ನು ಒತ್ತಿತು. ಮೊದಲಿನ ವೇಗಕ್ಕೆ ಮರಳು ಎಂದು ಅದರ ಅರ್ಥ. ಕಾರು 78ನ್ನು ಅರಸಿಕೊಂಡು ಮುನ್ನುಗ್ಗಿತು. ಎದುರಿನಲ್ಲಿ, ಮದ್ರಸ ಬಿಟ್ಟು ಬರುತ್ತಿದ್ದ ಆರೇಳು ಮಕ್ಕಳು ಕೊಡೆ ಮಡಚಿಕೊಂಡು ರಸ್ತೆಗೆ ಇಳಿಯುತ್ತಿದ್ದರು.

ತಂದೆಯ ಕಾಲು ಬ್ರೇಕಿನ ಮೇಲೇ ಇತ್ತೋ, ತಾಯಿಯ ಕೂಗು ಅದನ್ನು ಅಲ್ಲಿಗೆ ತಂದಿತೋ, ಕಾರು ಮಕ್ಕಳಿಂದ ಎರಡು ಮಾರು ದೂರದಲ್ಲಿ ನಿಂತಿತು. ಮಕ್ಕಳಲ್ಲಿ ಚಿಕ್ಕವನೊಬ್ಬ ಕೊಡೆಯ ತುದಿಯಿಂದ ಕಾರಿನ ಮೂತಿಯನ್ನು ತಟ್ಟಿ ನಕ್ಕು ಹೋದ. ಫೋನು ಬಾರಿಸುತ್ತಲೇ ಇತ್ತು. ಅಲ್ಲಿಂದ ಮುಂದೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಅಂಥ ಪ್ರಕರಣ ನ್ಯಾಯಾಲಯಕ್ಕೆ ಹೋದರೆ, ವೇಗ ಹೆಚ್ಚಿಸಿದ್ದು ತಾನಲ್ಲ, ಯಂತ್ರ ಎಂಬ ವಾದ ನಿಲ್ಲದು. ಮೋಟಾರು ವಾಹನ ಕಾಯಿದೆಯ 184ನೆಯ ಕಲಮು ಅಪಾಯಕರ ಚಾಲನೆಗೆ ಶಿಕ್ಷೆ ವಿಧಿಸುವುದು ಚಾಲಕನಿಗೆ. ಹೆದ್ದಾರಿಯಿಂದ ಇಳಿಯುವ ಮುನ್ನ ಕ್ರೂಸ್ ಕಂಟ್ರೋಲಿನ ಮುಖ್ಯ ಗುಂಡಿಯನ್ನೇ ಆರಿಸಿಬಿಟ್ಟರೆ ನೆನಪಿನಲ್ಲಿದ್ದ ವೇಗವೂ ಅಳಿಯುತ್ತದೆ ಎಂದು ಕೈಪಿಡಿಯಲ್ಲಿ ಇತ್ತು. ಆ ಪುಟವನ್ನು ಮಗಳು ಬದಿಯಡ್ಕ ತಲುಪುವುದರೊಳಗೆ ಹುಡುಕಿ ತೆಗೆದು, ಏನೂ ಹೇಳದೆ, ಮುಂದಿನ ಸೀಟಿಗೆ ದಾಟಿಸಿದಳು.

ಕುಂಬಳೆ–ಬದಿಯಡ್ಕ ರಸ್ತೆ ನೋಡಲು ಸೊಗಸು. ಯಕ್ಷಗಾನದ ಪಾರ್ತಿಸುಬ್ಬನ ಊರನ್ನು ಬಿಟ್ಟು ನಾಯ್ಕಾಪಿಗೆ ಬಂದರೆ ಅನಂತಪುರದ ತಿರುವು; ಅಲ್ಲಿನ ಸರೋವರ ಕ್ಷೇತ್ರದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಮನುಷ್ಯರಿಗೆ ಸಲ್ಲುವಂಥ ಜನ ಸೇರಿತ್ತು. ಆಮೇಲೆ ಸೀತಾಂಗೋಳಿಯ ಪಾರೆಗಳು, ಮಳೆಗಾಲದಲ್ಲಿ ಮಾತ್ರ ಹಸುರಾಗುವ ಮುರಕಲ್ಲಿನ ಬಯಲು. ನೀರ್ಚಾಲು ದಾಟುವಾಗ ಮಳೆ ಮತ್ತೆ ಹಿಡಿಯಿತು. ಪೆರಡಾಲದ ನವಜೀವನ ಶಾಲೆಯಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿದ್ದರು. ನೂರು ವರ್ಷ ತುಂಬಿಸಿ 2015ರ ಆಗಸ್ಟಿನಲ್ಲಿ, ಇಂಥದೇ ಮಳೆಯ ದಿನಗಳಲ್ಲಿ ತೀರಿಕೊಂಡರು. ಬದಿಯಡ್ಕದಲ್ಲಿ ಕಾರು ನಿಲ್ಲಿಸಿ ಚಹಾ ಕುಡಿದರು. ತಂದೆಯ ಕೈ ಗ್ಲಾಸು ಹಿಡಿದಾಗಲೂ ಸ್ವಲ್ಪ ನಡುಗುತ್ತಿತ್ತು.

ಮುಳ್ಳೇರಿಯದ ಅಂಗಳದಲ್ಲಿ ಇಂಜಿನ್ ಆರಿಸುವ ಮುನ್ನ ಮಗಳು ಎ ಲೆಕ್ಕವನ್ನು ಬರೆದುಕೊಂಡಳು: 46 ಕಿಲೋಮೀಟರ್, 1 ಗಂಟೆ 15 ನಿಮಿಷ, ಸರಾಸರಿ ಜವ 37, ಲೀಟರಿಗೆ 16.1. ಆದರೆ ಗಡಿಯಾರ ನೋಡಿದರೆ ಹೊರಟು 1 ಗಂಟೆ 35 ನಿಮಿಷವಾಗಿತ್ತು. ಇಪ್ಪತ್ತು ನಿಮಿಷ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಚಹಾದ ಅಂಗಡಿಯಲ್ಲಿತ್ತು. ಇಂಜಿನ್ ಆರಿದಾಗ ಈ ಕಾರಿನ ಕಂಪ್ಯೂಟರ್ ಹೊತ್ತನ್ನು ಎಣಿಸುವುದಿಲ್ಲ.

“ಆಸ್ಪತ್ರೆಯವರು ಎಣಿಸ್ತಾರೆ,” ಎಂದರು ತಾಯಿ.

ಅಜ್ಜಿ ಚಾವಡಿಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು, ಕುಂಬಳೆಯ ವಿಷಯವೊಂದನ್ನು ಬಿಟ್ಟು. ಅದನ್ನು ಯಾರೂ ಹೇಳಲಿಲ್ಲ. ಊಟ ಮುಗಿಸಿ ಮೂರು ಗಂಟೆಗೆ, ಬಿ ಲೆಕ್ಕವನ್ನು ಸೊನ್ನೆ ಮಾಡಿ, ಚೆರ್ಕಳದ ದಾರಿ ಹಿಡಿದರು.

ಈ ದಾರಿಗೆ ಒಂದು ನೆನಪಿದೆ. ಅದನ್ನು ಹೇಳದೆ ಹಾದುಹೋಗುವಂತಿಲ್ಲ. ಕಾರಡ್ಕ, ಮುಳಿಯಾರುಗಳ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರು. ಅದರ ಫಲವನ್ನು ಉಂಡ ಮನೆಗಳಿಂದ ಮಕ್ಕಳನ್ನು ಎತ್ತಿಕೊಂಡು ಮಂಗಳೂರಿನ ಆಸ್ಪತ್ರೆಗಳಿಗೆ ಹೋದವರು, ಹೋಗುತ್ತಿರುವವರು, ಇವೇ ಎರಡು ದಾರಿಗಳಲ್ಲೊಂದನ್ನು ಹಿಡಿದವರು. ಬಸ್ಸಿಗೆ ಕಾದು, ಕಾಸರಗೋಡಿನಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿದ ಅವರ ಪ್ರಯಾಣದ ಅವಧಿಯನ್ನು ಯಾವ ಪರದೆಯೂ ತೋರಿಸಲಿಲ್ಲ.

ತಿರುವುಗಳು ಮುಗಿದು, ಕಾಸರಗೋಡಿನಲ್ಲಿ ಪೇಟೆಯ ಮೇಲಿನ ಮೇಲ್ಸೇತುವೆ ಹತ್ತುವಾಗ ಮಳೆ ಕೊಡದಲ್ಲಿ ಸುರಿದಂತೆ ಸುರಿಯಿತು. ಮುಂದೆ ನೇರವಾದ ಷಟ್ಪಥ, ವಾಹನ ಕಡಿಮೆ. ತಂದೆ ಕ್ರೂಸ್ ಕಂಟ್ರೋಲನ್ನು ಮುಟ್ಟಲಿಲ್ಲ.

“ಈಗ ಹಾಕಬಹುದಲ್ಲ ಅಪ್ಪ, ಯಾರೂ ಇಲ್ಲ,” ಎಂದಳು ಮಗಳು.

“ನೀರು ನಿಂತಲ್ಲಿ ಚಕ್ರ ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲ್ತದೆ ಮಗಾ. ಆಗ ಜವ ಇಳಿಸ್ಬೇಕು. ಇದು ಇಳಿಸುವುದಿಲ್ಲ, ಹಾಗೇ ಹಿಡ್ಕೊಳ್ಲಿಕ್ಕೆ ನೋಡ್ತದೆ. ನನ್ನ ಕಾಲು ಅಲ್ಲೇ ಇದ್ದರೆ ನನಗೆ ಮೊದಲು ಗೊತ್ತಾಗ್ತದೆ.”

ಅರವತ್ತರ ಆಸುಪಾಸಿನಲ್ಲೇ ಬಂದರು. ಮೊಗ್ರಾಲ್, ಕುಂಬಳೆಗಳನ್ನು ಮಳೆಯ ಪರದೆಯ ಹಿಂದೆ ಊಹಿಸಿಕೊಂಡದ್ದು ಅಷ್ಟೆ. ಮನೆಯಲ್ಲಿ ಬಿ ಲೆಕ್ಕ ಹೀಗಿತ್ತು: 54 ಕಿಲೋಮೀಟರ್, 1 ಗಂಟೆ 12 ನಿಮಿಷ, ಸರಾಸರಿ ಜವ 45, ಲೀಟರಿಗೆ 17.4.

ತಂದೆ ಗೆದ್ದೆನೆಂದುಕೊಂಡರು. ಜವ ಹೆಚ್ಚು, ಮೈಲೇಜೂ ಹೆಚ್ಚು. ಮಗಳು ಪೆನ್ಸಿಲ್ ಹಿಡಿದು ಕುಳಿತಳು. 46ನ್ನು 16.1ರಿಂದ ಭಾಗಿಸಿದರೆ 2.86 ಲೀಟರ್, 54ನ್ನು 17.4ರಿಂದ ಭಾಗಿಸಿದರೆ 3.10. ಲೀಟರಿಗೆ ಹೆಚ್ಚು ಓಡಿದ ದಾರಿಯಲ್ಲೇ ಪೆಟ್ರೋಲ್ ಹೆಚ್ಚು ಹೋಗಿತ್ತು, ಏಕೆಂದರೆ ದಾರಿ ಉದ್ದ. ಗಂಟೆಗೆ ಎಂಟು ಕಿಲೋಮೀಟರ್ ಹೆಚ್ಚು ಜವದಿಂದ ಬಂದು ಉಳಿಸಿದ್ದು ಮೂರು ನಿಮಿಷ. ಕಾರಿನ ಗಡಿಯಾರದ ಸುಳ್ಳು ಅದಕ್ಕಿಂತ ಒಂದು ನಿಮಿಷ ದೊಡ್ಡದು.

ಸೋಮವಾರ ಬದಿಯಡ್ಕದ ದಾರಿಯೇ ಆಯಿತು. ಚಹಾವನ್ನು ಫ್ಲಾಸ್ಕಿನಲ್ಲಿ ತುಂಬಿಕೊಂಡಿದ್ದರು. ಕುಂಬಳೆಯಲ್ಲಿ ಹೆದ್ದಾರಿ ಹತ್ತುವವರೆಗೆ ಸರ್ವಿಸ್ ರಸ್ತೆಯನ್ನು ಮೂವತ್ತರಲ್ಲಿ ಕಳೆದರು. ಹಿಂದೆ ಬಂದ ಬಸ್ಸಿನವನು ಹಾರ್ನ್ ಹಾಕಿ ಸುಸ್ತಾದ. ತಲಪಾಡಿಯಲ್ಲಿ ಗಡಿ ದಾಟುವಾಗ ಅಜ್ಜಿ, “ಇಲ್ಲಿಯೇ ಅಲ್ವಾ ಆಗ ಮಣ್ಣು ಹಾಕಿದ್ದು?” ಎಂದು ಕೇಳಿದರು. 2020ರ ಮಾರ್ಚ್ ಕೊನೆಯಲ್ಲಿ, ಕೊರೊನಾದ ಹೆಸರಿನಲ್ಲಿ ಕರ್ನಾಟಕ ಗಡಿಯ ರಸ್ತೆಗಳನ್ನು ಮುಚ್ಚಿದಾಗ, ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟು ಹಿಂತಿರುಗಿದರು. ಕೆಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಅಜ್ಜಿಯ ಪರಿಚಯದ ಒಬ್ಬರು ಆ ದಿನಗಳಲ್ಲಿ ಡಯಾಲಿಸಿಸಿಗೆ ಹೋಗಲಾಗದೆ ಕುಳಿತವರು. “ಹೌದಮ್ಮ, ಇಲ್ಲಿಯೇ,” ಎಂದು ತಂದೆ ಹೇಳುವಷ್ಟರಲ್ಲಿ ಗಡಿ ದಾಟಿ ಆಗಿತ್ತು.

ಆಸ್ಪತ್ರೆಯ ಮುಂದೆ ನಿಂತಾಗ ಕಾರಿನ ಗಡಿಯಾರದಲ್ಲಿ 9:36. ಶಸ್ತ್ರಚಿಕಿತ್ಸೆ ಸರಿಯಾದ ಹೊತ್ತಿಗೆ ಆಯಿತು.

ವಾರ ಕಳೆದು ಮರುಪರೀಕ್ಷೆಗೆ ಕರೆದೊಯ್ಯುವಾಗ ಅಜ್ಜಿ ಮುಂದಿನ ಸೀಟಿನಲ್ಲಿ ಕುಳಿತರು. ಉಪ್ಪಳ ದಾಟುತ್ತಿರುವಾಗ ಪರದೆಯತ್ತ ಬಗ್ಗಿ ನೋಡಿ, ತಮ್ಮ ಕೈಯ ಹಳೆಯ ಎಚ್‌ಎಂಟಿ ಗಡಿಯಾರವನ್ನೂ ನೋಡಿ, “ನಿನ್ನದು ನಾಲ್ಕು ನಿಮಿಷ ಮುಂದೆ ಉಂಟಲ್ಲ ಮಾರಾಯ,” ಎಂದರು. ಕಾರು ನಿಂತ ಮೇಲೆ ತಂದೆ ಅದನ್ನು ಸರಿಮಾಡಿದರು.