ಕ್ಲಚ್ಚಿನ ಜಗಳ: ಒಂದು ಐತಿಹ್ಯ ಮತ್ತು ಅದರ ಪಾಠಾಂತರಗಳು

ಉತ್ತರ ಇಟಲಿಯ ಮರನೆಲ್ಲೊ ಊರಿನ ಫೆರಾರಿ ಕಾರ್ಖಾನೆಗೆ 1960ರ ದಶಕದ ಆರಂಭದಲ್ಲಿ ಒಬ್ಬ ಗಿರಾಕಿ ಪದೇ ಪದೇ ಬರುತ್ತಿದ್ದ. ಅವನ ಕಾರು ಫೆರಾರಿ 250 ಜಿಟಿ. ಕೊಂಡು ಕೆಲವು ವರ್ಷಗಳಾಗಿದ್ದವು. ದೂರು ಒಂದೇ: ಕ್ಲಚ್ ನಿಲ್ಲುತ್ತಿಲ್ಲ. ಬಂದಾಗಲೆಲ್ಲ ಕೆಲಸಗಾರರು ಕಾರನ್ನು ಒಳಗೆ ಒಯ್ಯುತ್ತಿದ್ದರು. ಮಾಲೀಕ ಹೊರಗೆ ಗಂಟೆಗಟ್ಟಲೆ ಕಾಯಬೇಕಾಗಿತ್ತು. ಕಾರೇನೋ ಹಿಂದಿರುಗುತ್ತಿತ್ತು, ಆದರೆ ಒಳಗೆ ಏನನ್ನು ಬಿಚ್ಚಿದರು, ಏನನ್ನು ಹಾಕಿದರು ಎಂಬುದನ್ನು ಅವನು ನೋಡುವಂತಿರಲಿಲ್ಲ. ಕೆಲವು ಕಾಲ ಓಡಿದ ಮೇಲೆ ಅದೇ ಕ್ಲಚ್ ಮತ್ತೆ ಜಾರತೊಡಗುತ್ತಿತ್ತು.

ಸಾಮಾನ್ಯ ಶ್ರೀಮಂತನಾಗಿದ್ದರೆ ಗೊಣಗಿಕೊಂಡು ಹೊಸ ಕಾರು ಕೊಳ್ಳುತ್ತಿದ್ದನೇನೋ. ಈ ಗಿರಾಕಿಯ ಹೆಸರು ಫೆರೂಚ್ಚೊ ಲಂಬೋರ್ಗಿನಿ. 1916ರಲ್ಲಿ ಚೆಂತೊ ಬಳಿಯ ರೆನಾತ್ಸೊ ಎಂಬ ಹಳ್ಳಿಯಲ್ಲಿ, ದ್ರಾಕ್ಷಿ ಬೆಳೆಯುವ ಒಕ್ಕಲು ಮನೆಯಲ್ಲಿ ಹುಟ್ಟಿದವನು. ಹೊಲಕ್ಕಿಂತ ಹೊಲದ ಯಂತ್ರಗಳ ಮೇಲೆ ಅವನಿಗೆ ಹೆಚ್ಚು ಪ್ರೀತಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ವಾಯುಸೇನೆಗೆ ಸೇರಿ ರೋಡ್ಸ್ ದ್ವೀಪದಲ್ಲಿ ವಾಹನಗಳ ದುರಸ್ತಿ ವಿಭಾಗದಲ್ಲಿದ್ದ. ಬ್ರಿಟಿಷರ ಸೆರೆಯಾಳಾಗಿ 1946ರಲ್ಲಿ ಊರಿಗೆ ಮರಳಿದ. ಯುದ್ಧದಲ್ಲಿ ಉಳಿದುಹೋದ ಸೇನಾ ವಾಹನಗಳ ಬಿಡಿಭಾಗಗಳನ್ನು ಜೋಡಿಸಿ 1948ರ ಹೊತ್ತಿಗೆ ಟ್ರ್ಯಾಕ್ಟರ್ ಮಾಡಿ ಮಾರತೊಡಗಿದ. ದುಬಾರಿ ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಅಗ್ಗದ ಇಂಧನಕ್ಕೆ ಹೊರಳುವ ಯುಕ್ತಿಯನ್ನು ಅದರಲ್ಲಿ ಅಳವಡಿಸಿದ್ದ. ಹಣದ ಅಡಚಣೆಯಲ್ಲಿದ್ದ ರೈತನಿಗೆ ಏನು ಬೇಕೆಂಬುದು ಅವನಿಗೆ ಗೊತ್ತಿತ್ತು. ಮುಂದಿನ ಹತ್ತು ವರ್ಷಗಳಲ್ಲಿ ಲಂಬೋರ್ಗಿನಿ ಟ್ರ್ಯಾಕ್ಟರ್ ಇಟಲಿಯ ದೊಡ್ಡ ಹೆಸರುಗಳಲ್ಲಿ ಒಂದಾಯಿತು. ಆಮೇಲೆ ಬಂದವು ಆಲ್ಫಾ, ಲಾನ್ಚಿಯಾ, ಮರ್ಸಿಡಿಸ್, ಜಾಗ್ವಾರ್, ಮಸೆರಾಟಿ ಮತ್ತು ಫೆರಾರಿ ಕಾರುಗಳು. ಮರನೆಲ್ಲೊದ ಬಾಗಿಲಲ್ಲಿ ಕಾಯುತ್ತಿದ್ದವನು, ಅಂದರೆ, ಒಳಗೆ ನಡೆಯುತ್ತಿದ್ದ ಕೆಲಸವನ್ನು ಬಲ್ಲವನು. ಇಡೀ ಪ್ರಸಂಗದ ಬಿಸಿ ಇರುವುದು ಈ ಒಂದು ಅಂಶದಲ್ಲಿ.

ಕ್ಲಚ್ ಎಂದರೆ ಎಂಜಿನ್ನಿನ ತಿರುಗುವಿಕೆಯನ್ನು ಗೇರುಗಳಿಗೆ ಮುಟ್ಟಿಸುವ ಮತ್ತು ಬಿಡಿಸುವ ಭಾಗ. ಫ್ಲೈವೀಲ್ ಹಾಗೂ ಪ್ರೆಷರ್ ಪ್ಲೇಟುಗಳ ನಡುವೆ ಕ್ಲಚ್ ಪ್ಲೇಟು ಅಪ್ಪಿಕೊಂಡಿದ್ದರೆ ಗಾಡಿ ನಡೆಯುತ್ತದೆ. ನಿಂತ ಗಾಡಿ ಹೊರಡುವಾಗ ಆ ತಟ್ಟೆ ಸ್ವಲ್ಪ ಹೊತ್ತು ಉಜ್ಜಿಕೊಂಡೇ ತಿರುಗಬೇಕು. ಸವೆತ, ಬಿಸಿ ಎಲ್ಲವೂ ಆಗುವುದು ಆ ಕ್ಷಣಗಳಲ್ಲಿ. ಪಂದ್ಯದ ಕಾರು ನಿಂತಲ್ಲಿಂದ ಹೊರಡುವುದು ಕೆಲವೇ ಸಲ. ಊರಿನಲ್ಲಿ ಓಡಾಡುವ ಕಾರು ದಿನಕ್ಕೆ ನೂರು ಸಲ ನಿಂತು ಹೊರಡುತ್ತದೆ. ಉಳುವ ಟ್ರ್ಯಾಕ್ಟರಿನ ಕ್ಲಚ್ಚಿನ ಪಾಡು ಇನ್ನೂ ಕಠಿಣ: ನೇಗಿಲು ಮಣ್ಣಿನಲ್ಲಿ ಹೂತಿರುವಾಗಲೇ ಅದು ಪೂರ್ತಿ ಭಾರವನ್ನು ಎಳೆದುಕೊಂಡು ಹೊರಡಬೇಕು. ಫೆರಾರಿಯ ಮುಖ್ಯ ಕಾಯಕ ಪಂದ್ಯ. ಶ್ರೀಮಂತರಿಗೆ ಮಾರುತ್ತಿದ್ದ ರಸ್ತೆಯ ಕಾರುಗಳು ಆ ಪಂದ್ಯಗಳ ಖರ್ಚನ್ನು ತೂಗಿಸುವ ದಾರಿ. ಆ ಕಾರುಗಳು ಸೊಗಸಾಗಿದ್ದರೂ ತೀರ ಸದ್ದು ಮಾಡುತ್ತವೆ, ಒಳಾಂಗಣ ಒರಟು, ಪಂದ್ಯದ ಕಾರಿಗೇ ಬಣ್ಣ ಬಳಿದು ರಸ್ತೆಗೆ ಬಿಟ್ಟಂತಿದೆ ಎಂಬುದು ಲಂಬೋರ್ಗಿನಿಯ ಆಕ್ಷೇಪವಾಗಿತ್ತು. ಮಾರಾಟದ ನಂತರದ ಸೇವೆಯ ಬಗ್ಗೆಯೂ ಅವನಿಗೆ ಅಸಮಾಧಾನವಿತ್ತು. ಕ್ಲಚ್ಚಿನ ದೂರು ಈ ಎಲ್ಲ ದೂರುಗಳ ತುದಿ.

ಮುಂದಿನದು ಐತಿಹ್ಯ. ಬೇಸತ್ತ ಫೆರೂಚ್ಚೊ ಕಾರನ್ನು ತನ್ನ ಟ್ರ್ಯಾಕ್ಟರ್ ಕಾರ್ಖಾನೆಗೇ ತಂದು ಬಿಚ್ಚಿಸಿದ. ಒಳಗಿದ್ದ ಕ್ಲಚ್ ತಾನು ಟ್ರ್ಯಾಕ್ಟರುಗಳಿಗೆ ತರಿಸುತ್ತಿದ್ದ ಬಗೆಯದೇ! ಅದಕ್ಕಿಂತ ಗಟ್ಟಿಯಾದ ಒಂದನ್ನು ತನ್ನ ಉಗ್ರಾಣದಿಂದಲೇ ತೆಗೆದು ಹಾಕಿಸಿದ; ತೊಂದರೆ ನಿಂತಿತು. ಇದನ್ನು ಹೇಳಲು ಎನ್ಜೊ ಫೆರಾರಿಯ ಬಳಿ ಹೋದ. ತೊಂದರೆ ಕಾರಿನದಲ್ಲ, ಓಡಿಸುವವನದು. ಟ್ರ್ಯಾಕ್ಟರ್ ಓಡಿಸುವವನಿಗೆ ಫೆರಾರಿ ಓಡಿಸುವ ಯೋಗ್ಯತೆಯಿಲ್ಲ ಎಂಬರ್ಥದ ಉತ್ತರ ಬಂತು. ಹಾಗಾದರೆ ಕಾರನ್ನು ತಾನೇ ಮಾಡುತ್ತೇನೆಂದು ಫೆರೂಚ್ಚೊ ಹಿಂದಿರುಗಿದ.

ಹಸ್ತಪ್ರತಿಗಳನ್ನು ಹೋಲಿಸಿ ಓದುವ ಅಭ್ಯಾಸವಿರುವವರಿಗೆ ಈ ಕಥೆಯ ಪಾಠಾಂತರಗಳು ಕುತೂಹಲ ಹುಟ್ಟಿಸುತ್ತವೆ. ಒಂದು ಪಾಠದಲ್ಲಿ ಭೇಟಿ ಎದುರಾಬದುರು ನಡೆಯುತ್ತದೆ; ಇನ್ನೊಂದರಲ್ಲಿ ಎನ್ಜೊ ಬಹುಕಾಲ ಭೇಟಿಯನ್ನೇ ಕೊಡುವುದಿಲ್ಲ. ಒಂದರಲ್ಲಿ ಕ್ಲಚ್ ಸವೆದದ್ದು ತಯಾರಿಕೆಯ ದೋಷದಿಂದ; ಮತ್ತೊಂದರಲ್ಲಿ ಫೆರೂಚ್ಚೊ ಗೆಳೆಯರೊಡನೆ ಹೆದ್ದಾರಿಯಲ್ಲಿ ಪಂದ್ಯ ಕಟ್ಟಿ ಓಡಿಸಿದ್ದರಿಂದ. ಒಂದೇ ಬಿಡಿಭಾಗಕ್ಕೆ ಟ್ರ್ಯಾಕ್ಟರ್ ಅಂಗಡಿಯಲ್ಲಿ ಇದ್ದ ಬೆಲೆಗೂ ಮರನೆಲ್ಲೊದಲ್ಲಿ ಇದ್ದ ಬೆಲೆಗೂ ನಡುವಣ ಅಂತರ ಹೇಳುವವನಿಂದ ಹೇಳುವವನಿಗೆ ಬೆಳೆಯುತ್ತ ಹೋಗುತ್ತದೆ. ಬಾಯಿಂದ ಬಾಯಿಗೆ ದಾಟುವ ಕಥೆಗಳಲ್ಲಿ ಸಂಖ್ಯೆಯೇ ಮೊದಲು ಕೊಬ್ಬುವುದು. ಅವಮಾನವನ್ನೇ ಬಿಟ್ಟುಬಿಡುವ ಪಾಠವೂ ಉಂಟು. ಅದರ ಪ್ರಕಾರ ಕ್ಲಚ್ ಬಿಚ್ಚಿ ನೋಡಿದ ವ್ಯಾಪಾರಿಗೆ ಕಂಡದ್ದು ಲಾಭದ ದಾರಿ: ಟ್ರ್ಯಾಕ್ಟರಿನ ಬಿಡಿಭಾಗ ಹಾಕಿ ಫೆರಾರಿಯ ಬೆಲೆಗೆ ಮಾರಬಹುದಾದರೆ ಆ ವ್ಯಾಪಾರವನ್ನು ತಾನೇಕೆ ಮಾಡಬಾರದು?

ಪಾಠಗಳು ಎಷ್ಟೇ ಚದುರಿದರೂ ಅಲುಗದೆ ಉಳಿಯುವುದು ಹೊರಗೆ ಕಾದ ಗಿರಾಕಿ, ಒಳಗೆ ಸಿಕ್ಕ ಪರಿಚಿತ ಕ್ಲಚ್ ಮತ್ತು ಅವನ ಮಾತಿಗೆ ಸಿಗದ ಕಿವಿ. ವ್ಯಾಪಾರಬುದ್ಧಿಯ ಪಾಠ, ಅವಮಾನದ ಪಾಠ ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಹಟ ಅನಗತ್ಯ. ನೊಂದವನು ಲೆಕ್ಕ ಹಾಕಬಾರದೆಂಬ ನಿಯಮವೇನೂ ಇಲ್ಲ. ರೈತನ ಮಗ ಎರಡನ್ನೂ ಒಟ್ಟಿಗೆ ಮಾಡಿರಬಹುದು.

ಪಂಪನ 'ವಿಕ್ರಮಾರ್ಜುನ ವಿಜಯ'ವನ್ನು ಓದಿದವರಿಗೆ ಈ ಕಥೆಯ ಅಚ್ಚು ಹೊಸದೆನಿಸದು. ಬಾಲ್ಯದ ಗೆಳೆತನವನ್ನು ನಂಬಿ ಬಂದ ದ್ರೋಣನನ್ನು ದ್ರುಪದ ತನಗೆ ಗೊತ್ತೇ ಇಲ್ಲವೆಂದು ಹಳಿದು ಹೊರಡಿಸುತ್ತಾನೆ. ದ್ರೋಣ ತನ್ನ ಶಿಷ್ಯರ ಕೈಯಿಂದಲೇ ಅವನನ್ನು ಕಟ್ಟಿಸುವುದಾಗಿ ಪ್ರತಿಜ್ಞೆ ಮಾಡಿ ಹೊರಬೀಳುತ್ತಾನೆ. ಅಲ್ಲಿ ದ್ರೋಣನನ್ನು ಹೆಚ್ಚು ಚುಚ್ಚುವುದು ಕೇಳಿದ ವಸ್ತು ಸಿಗದ ಬಡತನವಲ್ಲ. ಅಸ್ತ್ರವಿದ್ಯೆಯಲ್ಲಿ ಸಾಟಿಯಿಲ್ಲದವನನ್ನು ಸಿರಿಯೊಂದರ ಅಳತೆಗೋಲಿನಿಂದ ಅಳೆದದ್ದು. ಮರನೆಲ್ಲೊದಲ್ಲಿಯೂ ಹಣದ ಪ್ರಶ್ನೆ ಇರಲಿಲ್ಲ, ಫೆರೂಚ್ಚೊ ಹಣವಂತನೇ. ಟ್ರ್ಯಾಕ್ಟರ್ ಮಾಡುವವನಿಗೆ ಕ್ಲಚ್ ಗೊತ್ತಿರಲು ಸಾಧ್ಯ ಎಂಬುದನ್ನು ಒಪ್ಪದ ಮನಸ್ಸು ಅಲ್ಲಿ ಎದುರಾಗಿತ್ತು. ಪಂಪನ ಕಥೆಯಲ್ಲಿ ದ್ರೋಣನಿಗೂ ಅರಸನಿಗೂ ನಡುವೆ ಬಾಗಿಲ ಪಡಿಯರನಿದ್ದಾನೆ. ಇಂದಿನ ಕಾರು ಡೀಲರುಗಳಲ್ಲಿ ಆ ಜಾಗದಲ್ಲಿ ಇಸ್ತ್ರಿ ಅಂಗಿಯ ಸರ್ವಿಸ್ ಅಡ್ವೈಸರ್ ಕೂತಿರುತ್ತಾನೆ: ಗಿರಾಕಿ ಅವನಿಗೆ ಹೇಳಬೇಕು, ಅವನು ಜಾಬ್ ಕಾರ್ಡಿನಲ್ಲಿ ಬರೆಯಬೇಕು, ಬರೆದದ್ದನ್ನು ಒಳಗಿನ ಮೆಕ್ಯಾನಿಕ್ ಓದಬೇಕು. 'ಎರಡನೆಯ ಗೇರಿನಲ್ಲಿ ದಿಬ್ಬ ಹತ್ತುವಾಗ, ಎಂಜಿನ್ ಕಾದ ಮೇಲೆ ಮಾತ್ರ ಜಾರುತ್ತದೆ' ಎಂದು ಮಾಲೀಕ ಹೇಳಿದ್ದು ಕಾರ್ಡಿನಲ್ಲಿ 'ಕ್ಲಚ್ ನೋಡುವುದು' ಎಂದಾಗುತ್ತದೆ. ಲಿಪಿಕಾರನ ಕೈಯಲ್ಲಿ ಪದ್ಯದ ಅರ್ಧ ಪಾದ ಬಿಟ್ಟುಹೋದಂತೆ. ಬಿಟ್ಟುಹೋದ ಆ ಅರ್ಧದಲ್ಲೇ ರೋಗದ ಲಕ್ಷಣವೆಲ್ಲ ಇರುತ್ತದೆ.

ಎನ್ಜೊ ಫೆರಾರಿಗೆ ದೂರು ಹಿಡಿಸುತ್ತಿರಲಿಲ್ಲ ಎಂಬುದಕ್ಕೆ ಕ್ಲಚ್ಚಿನ ಕಥೆಯೊಂದೇ ಆಧಾರವಲ್ಲ. 1961ರಲ್ಲಿ ಅವನ ಸಂಸ್ಥೆಯ ಹಿರಿಯರು ಹಲವರು, ಮುಖ್ಯ ಎಂಜಿನಿಯರ್ ಕಾರ್ಲೊ ಕಿಟಿ, ಮಾರಾಟದ ಮುಖ್ಯಸ್ಥ ಜಿರೊಲಾಮೊ ಗಾರ್ದಿನಿ, ಎಂಜಿನಿಯರ್ ಜೊತ್ತೊ ಬಿತ್ಸಾರಿನಿ ಮೊದಲಾದವರು, ಎನ್ಜೊನ ಪತ್ನಿ ಕಾರ್ಖಾನೆಯ ವ್ಯವಹಾರಗಳಲ್ಲಿ ಕೈಹಾಕುವುದನ್ನು ಆಕ್ಷೇಪಿಸಿದರು, ಅವರೆಲ್ಲರೂ ಹೊರಬೀಳಬೇಕಾಯಿತು. ಗಿರಾಕಿಗಳ ಮಾತಿಗೆ ದೊರೆತದ್ದೇ ಮನೆಯವರ ಮಾತಿಗೂ ದೊರೆಯಿತು. ಫೆರೂಚ್ಚೊಗೆ ಶಿಷ್ಯಬಲ ಒದಗಿದ್ದು ಇಲ್ಲಿಂದ. ತನ್ನ ಹೊಸ ಕಾರಿನ ಎಂಜಿನ್ ರೂಪಿಸುವ ಕೆಲಸವನ್ನು ಅವನು ವಹಿಸಿದ್ದು ಇದೇ ಬಿತ್ಸಾರಿನಿಗೆ.

ಐತಿಹ್ಯವನ್ನು ಪಕ್ಕಕ್ಕಿಟ್ಟು ದಾಖಲೆಗೆ ಬಂದರೆ ಹೆಚ್ಚು ಮಾತಾಡುವುದು ಆ ಎಂಜಿನ್. ಬಿತ್ಸಾರಿನಿ ಪಂದ್ಯದ ಮನೆಯಲ್ಲಿ ಪಳಗಿದವನು. ಅವನು ಕೊಟ್ಟದ್ದು ಮೂರೂವರೆ ಲೀಟರಿನ, ಹನ್ನೆರಡು ಸಿಲಿಂಡರಿನ, ಸುಮಾರು 360 ಅಶ್ವಶಕ್ತಿಯ, ಅಕ್ಷರಶಃ ಪಂದ್ಯದ ಎಂಜಿನ್. ಫೆರೂಚ್ಚೊಗೆ ಅದು ಒಪ್ಪಿಗೆಯಾಗಲಿಲ್ಲ. ಅವನಿಗೆ ಬೇಕಾಗಿದ್ದುದು ರಸ್ತೆಯ ಮೇಲೆ ತಾಳಿಕೊಂಡು, ಸದ್ದಿಲ್ಲದೆ, ಬಹುಕಾಲ ನಡೆಯುವ ಎಂಜಿನ್. ಇಬ್ಬರ ನಡುವೆ ಮನಸ್ತಾಪವಾಯಿತು. ಜಾನ್ ಪಾವ್ಲೊ ದಲ್ಲಾರ, ಪಾವ್ಲೊ ಸ್ತಾನ್ಸಾನಿ ಎಂಬ ಇಬ್ಬರು ಎಳೆಯ ಎಂಜಿನಿಯರುಗಳು ನ್ಯೂಜಿಲೆಂಡಿನ ಬಾಬ್ ವಾಲೇಸನೊಡನೆ ಸೇರಿ ಅದನ್ನು ಪಳಗಿಸಿ, ಬಲವನ್ನು ಸುಮಾರು 280 ಅಶ್ವಶಕ್ತಿಗೆ ಇಳಿಸಿ, ರಸ್ತೆಗೆ ಹೊಂದಿಸಿದರು. ಮಾಡಬಹುದಾಗಿದ್ದ ಬಲವನ್ನು ಬೇಕೆಂದೇ ಬಿಟ್ಟುಕೊಟ್ಟ ಈ ನಿರ್ಧಾರದಲ್ಲಿ ಮರನೆಲ್ಲೊದ ಬಾಗಿಲಲ್ಲಿ ಕಾದ ಗಿರಾಕಿಯ ದೂರು ಇಡಿಯಾಗಿ ಉಳಿದಿದೆ. ಸಂದರ್ಶನದ ಮಾತು ಬೆಳೆಯಬಹುದು, ಕಳೆಯಬಹುದು. ಎರಕ ಹೊಯ್ದ ಲೋಹಕ್ಕೆ ಆ ಸ್ವಾತಂತ್ರ್ಯವಿಲ್ಲ.

ಆಟೊಮೊಬಿಲಿ ಲಂಬೋರ್ಗಿನಿ 1963ರಲ್ಲಿ ಸಾಂತಾಗಾತ ಬೊಲೊನೆಸೆಯಲ್ಲಿ, ಮರನೆಲ್ಲೊದಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ, ತಲೆಯೆತ್ತಿತು. ಅದೇ ವರ್ಷ ಟ್ಯೂರಿನ್ ಪ್ರದರ್ಶನಕ್ಕಿಟ್ಟ ಮೊದಲ ಕಾರಿನ ಬಾನೆಟ್ಟಿನ ಕೆಳಗೆ ಎಂಜಿನ್ ಕೂರಲೇ ಇಲ್ಲ. ಭಾರಕ್ಕೆ ಬೇರೇನನ್ನೋ ತುಂಬಿ, ಮುಚ್ಚಳ ತೆರೆಯದಂತೆ ನೋಡಿಕೊಂಡರು. ಮರುವರ್ಷ 350 ಜಿಟಿ ಮಾರುಕಟ್ಟೆಗೆ ಬಂತು, 1966ರಲ್ಲಿ ಮಿಯೂರಾ ಬಂತು. ಬಿತ್ಸಾರಿನಿಯ ಎಂಜಿನ್ ಬೆಳೆಯುತ್ತ, ಬದಲಾಗುತ್ತ 2010ರವರೆಗೂ ಈ ಕಾರುಗಳಲ್ಲಿ ಬಾಳಿತು.

ದ್ರುಪದನನ್ನು ಕಟ್ಟಿ ತಂದಲ್ಲಿಗೆ ಆ ಕಥೆ ಮುಗಿಯುವುದಿಲ್ಲ. ಇಲ್ಲಿಯೂ ಮುಗಿಯಲಿಲ್ಲ. ಮಿಯೂರಾದ ಮೊದಲ ಕಾರುಗಳಲ್ಲಿ ಎಂಜಿನ್ನಿಗೂ ಗೇರುಗಳಿಗೂ ಒಂದೇ ಎಣ್ಣೆ. ಗೇರು ಸವೆದು ಉದುರಿದ ಲೋಹದ ಪುಡಿ ಎಂಜಿನ್ನಿನ ಸೂಕ್ಷ್ಮ ಭಾಗಗಳಿಗೆ ಹೋಗುವ ಅಪಾಯವಿತ್ತು. ಕೊನೆಕೊನೆಯ ಕಾರುಗಳಲ್ಲಿ ಮಾತ್ರ ಎರಡೂ ಬೇರೆಯಾದವು. ಅಷ್ಟರಲ್ಲಿ ಟ್ರ್ಯಾಕ್ಟರ್ ವ್ಯಾಪಾರಕ್ಕೆ ಬೊಲಿವಿಯಾದ ದೊಡ್ಡ ಬೇಡಿಕೆಯೊಂದು ತಪ್ಪಿಹೋಗಿ ಹೊಡೆತ ಬಿದ್ದಿತ್ತು. ಫೆರೂಚ್ಚೊ 1972ರಲ್ಲಿ ಕಾರು ಕಂಪನಿಯ ಹೆಚ್ಚಿನ ಪಾಲನ್ನೂ 1974ರಲ್ಲಿ ಉಳಿದ ಪಾಲನ್ನೂ ಮಾರಿದ. 1978ರಲ್ಲಿ ಕಂಪನಿ ದಿವಾಳಿಯಾಯಿತು. ಸೇವೆ ಸರಿಯಿಲ್ಲವೆಂಬ ಸಿಟ್ಟಿನಿಂದ ಹುಟ್ಟಿದ ಮನೆಯ ಕಾರು ಕೊಂಡವರು ಈಗ ಕೆಟ್ಟ ಕಾರನ್ನು ಎಲ್ಲಿಗೆ ಒಯ್ಯಬೇಕು? ಹಳೆಯ ಸ್ಪೋರ್ಟ್ಸ್ ಕಾರಿನ ಒಡೆಯರಿಗೆ ಎಲ್ಲ ದೇಶಗಳಲ್ಲಿಯೂ ಬರುವ ಪಾಡು ಇದು. ಷೋರೂಮು ಹೊಸ ಕಾರಿಗೆ ಹಾರ ಹಾಕುತ್ತದೆ. ಹಳೆಯದರ ಬಿಡಿಭಾಗ ಕೇಳಿದರೆ ಗಣಕಯಂತ್ರದಲ್ಲಿ ಆ ಮಾದರಿಯೇ ಇಲ್ಲವೆನ್ನುತ್ತದೆ. ಕಾಲ ಕಳೆದಷ್ಟೂ ಕಾರಿನ ವಿದ್ಯೆ ಮಾಡಿದವರಿಂದ ಜಾರಿ ಇಟ್ಟುಕೊಂಡವರ ಕೈಗೆ, ಬೀದಿಬದಿಯ ಯಾವುದೋ ಗ್ಯಾರೇಜಿನ ಮುದುಕನ ಬೆರಳಿಗೆ ಬಂದು ಸೇರುತ್ತದೆ. ಕನ್ನಡದಲ್ಲಿ ಬೇರೂರಿರುವ 'ದುರಸ್ತಿ' ಎಂಬ ಪಾರಸಿ ಮೂಲದ ಪದಕ್ಕೆ ಸರಿಯಾಗಿರುವಿಕೆ ಎಂದು ಅರ್ಥ. ಭಾಗ ಬದಲಿಸುವುದಕ್ಕೆ ಪುಸ್ತಕ ಸಾಕು, ಸರಿಮಾಡುವುದಕ್ಕೆ ಆ ಬೆರಳು ಬೇಕು.

ಎರಡೂ ಕಂಪನಿಗಳು ತಮ್ಮ ಹಳೆಯ ಕಾರುಗಳತ್ತ ವ್ಯವಸ್ಥಿತವಾಗಿ ತಿರುಗಿ ನೋಡಿದ್ದು ಈ ಶತಮಾನದಲ್ಲಿ. ಅದಕ್ಕಾಗಿ ಫೆರಾರಿ ಮೊದಲ ದಶಕದಲ್ಲಿ ಒಂದು ವಿಭಾಗ ತೆರೆಯಿತು. ಲಂಬೋರ್ಗಿನಿ 2015ರಲ್ಲಿ 'ಪೋಲೊ ಸ್ಟೋರಿಕೊ' ಸ್ಥಾಪಿಸಿತು. ಪತ್ರಾಗಾರವನ್ನು ಕಾಪಾಡುವುದು, ಬಿಡಿಭಾಗಗಳನ್ನು ಮತ್ತೆ ತಯಾರಿಸುವುದು, ಕಾರು ಮೂಲಸ್ವರೂಪದಲ್ಲಿದೆಯೆಂದು ಪ್ರಮಾಣಪತ್ರ ಕೊಡುವುದು ಅದರ ಕೆಲಸ. ಹಳೆಯ ಕಾರುಗಳ ಬೆಲೆ ಗಗನಕ್ಕೇರಿದ ಮೇಲೆ ಬಂದ ಅಕ್ಕರೆ ಇದು ಎಂಬುದನ್ನು ಮರೆಯಬೇಕಾಗಿಲ್ಲ. ಆದರೂ ಗ್ರಂಥಸಂಪಾದಕನಿಗೆ ಇದು ಒಪ್ಪುವ ಕೆಲಸವೇ.

ಕಾರುಗಳನ್ನು ಬಿಟ್ಟ ಫೆರೂಚ್ಚೊ ಉಂಬ್ರಿಯಾದ ತ್ರಸಿಮೆನೊ ಸರೋವರದ ಬಳಿಯ ಪಾನಿಕರೊಲದಲ್ಲಿ ತೋಟ ಕೊಂಡು, ತಂದೆತಾಯಿಯರಂತೆ ದ್ರಾಕ್ಷಿ ಬೆಳೆದ. ತನ್ನ ಮದ್ಯಕ್ಕೆ 'ಮಿಯೂರಾದ ರಕ್ತ' ಎಂದು ಹೆಸರಿಟ್ಟ. ಎನ್ಜೊ 1988ರಲ್ಲಿ, ಫೆರೂಚ್ಚೊ 1993ರಲ್ಲಿ ತೀರಿಕೊಂಡರು. ಬದುಕಿನ ಕೊನೆಯ ವರ್ಷಗಳಲ್ಲಿಯೂ ಅವನು ಸಂದರ್ಶಕರಿಗೆ ಕ್ಲಚ್ಚಿನ ಕಥೆ ಹೇಳುತ್ತಿದ್ದ. ಆ ಹೊತ್ತಿಗೆ ಅವನ ಹೆಸರಿನ ಕಾರು ಕಂಪನಿ ಅಮೆರಿಕದ ಕ್ರೈಸ್ಲರಿನ ಕೈಯಲ್ಲಿತ್ತು. ಕಥೆಯಿಂದ ಒಂದು ಕಾರು ಹೆಚ್ಚು ಮಾರಾಟವಾದರೂ ಅವನಿಗೆ ಬರುವುದೇನೂ ಇರಲಿಲ್ಲ.